ಪೀಣ್ಯದ ಲೆಕ್ಕ ಯಾರು ಕೊಡಬೇಕು?

ಬೆಂಗಳೂರಿನ ಸಣ್ಣ ಕೈಗಾರಿಕೆಗಳ ಪ್ರದೇಶವಾದ ಪೀಣ್ಯದ ಯಾವುದಾದರೂ ಅಡ್ಡರಸ್ತೆಯಲ್ಲಿ ಬೆಳಗ್ಗೆ ನಡೆದುಕೊಂಡು ಹೋಗಿ. ಕರೆಂಟ್ ಕಂಬಗಳನ್ನು ಓದಿದರೆ ಸಾಕು, ಅಲ್ಲಿನ ಹೊಟ್ಟೆಪಾಡು ಹೇಗಿದೆ ಅಂತ ತಿಳಿಯುತ್ತದೆ. "ಟರ್ನರ್ ಬೇಕಾಗಿದ್ದಾರೆ", "ಸಿಎನ್‌ಸಿ ಆಪರೇಟರ್ ಬೇಕು, ಫ್ರೆಶರ್ ಆದರೂ ಸರಿ" ಎಂಬ ಚೀಟಿಗಳು ಒಂದರ ಮೇಲೊಂದು ಅಂಟಿದ್ದರೆ ಶೆಡ್ಡುಗಳಲ್ಲಿ ಕೈತುಂಬ ಕೆಲಸವಿದೆ ಎಂದರ್ಥ. ಅದೇ ಕಂಬದಲ್ಲಿ "ಶೆಡ್ ಬಾಡಿಗೆಗಿದೆ", "ಲೇತ್ ಮಾರಾಟಕ್ಕಿದೆ" ಹೆಚ್ಚಾದರೆ ಎಲ್ಲೋ ಏನೋ ಆಗಿದೆ.

ಆ ಎಲ್ಲೋ ಅನ್ನುವುದು ಕೆಲವೊಮ್ಮೆ ಬಹಳ ದೂರ ಇರುತ್ತದೆ. 2009ರ ಆಗಸ್ಟ್ 7ರಂದು ದಕ್ಷಿಣ ಕೊರಿಯಾದ ಜೊತೆ, ಅದಾದ ವಾರದೊಳಗೆ, 13ರಂದು, ಬ್ಯಾಂಕಾಕ್‌ನಲ್ಲಿ ಆಸಿಯಾನ್ ದೇಶಗಳ ಜೊತೆ ನಮ್ಮ ಸರ್ಕಾರ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಎರಡೂ 2010ರ ಜನವರಿ 1ಕ್ಕೆ ಜಾರಿಗೆ ಬಂದವು. ಮರುವರ್ಷ ಆಗಸ್ಟ್‌ನಲ್ಲಿ ಜಪಾನ್ ಒಪ್ಪಂದವೂ ಬಂತು. ಆಗ ಇದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ, ವಾಣಿಜ್ಯ ಸಚಿವರು ಆನಂದ್ ಶರ್ಮಾ. ಆಮೇಲೆ ಬಂದ ಬಿಜೆಪಿ ನೇತೃತ್ವದ ಸರ್ಕಾರ ಆ ಹಳೆಯ ಒಪ್ಪಂದಗಳನ್ನು ಟೀಕಿಸುತ್ತಲೇ ಯುಎಇ, ಆಸ್ಟ್ರೇಲಿಯಾ, ಬ್ರಿಟನ್‌ಗಳ ಜೊತೆ ತನ್ನ ಒಪ್ಪಂದಗಳನ್ನು ಮಾಡಿಕೊಂಡಿತು.

ಇದು ಶೆಡ್ಡಿನೊಳಗೆ ಹೇಗೆ ಮುಟ್ಟುತ್ತದೆ ಅಂದರೆ: ಒಪ್ಪಂದದ ದೇಶದಲ್ಲಿ ತಯಾರಾದ ಬಿಡಿಭಾಗವೇ ಸುಂಕವಿಲ್ಲದೆ ಬರಬಹುದು. ಅದನ್ನೇ ಇಲ್ಲಿ ಮಾಡುವವನು ಬೇರೆ ದೇಶದ ಕಚ್ಚಾಮಾಲು ತಂದರೆ ಅದಕ್ಕೆ ಸುಂಕ ಕಟ್ಟಿರುತ್ತಾನೆ. ಜಾಬ್ ವರ್ಕ್ ಮಾಡುವ ಪರಿಚಯದವರೊಬ್ಬರು ಟೀ ಕುಡಿಯುತ್ತ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ: "ಆರ್ಡರ್ ಕೊಡೋ ಪಾರ್ಟಿಯವರು ರೇಟ್ ಇಳಿಸಿ ಅಂತಾರೆ ಸಾರ್. ಮೆಟೀರಿಯಲ್ ಇಳಿಯಲ್ಲ, ಕರೆಂಟ್ ಬಿಲ್ ಇಳಿಯಲ್ಲ, ಬ್ಯಾಂಕ್ ಕಂತು ಇಳಿಯಲ್ಲ. ಇಳಿಸೋಕೆ ಉಳಿದಿರೋದು ಹುಡುಗ್ರು ಮಾತ್ರ."

ಹಾಗಂತ ವ್ಯಾಪಾರದ ಬಾಗಿಲು ಮುಚ್ಚಬೇಕು ಎನ್ನುವವನಲ್ಲ ನಾನು. ಅಮೆರಿಕ, ಯುರೋಪಿಗೆ ಹೋಗುವ ಬಟ್ಟೆಯ ಮೇಲಿನ ಕೋಟಾ 2005ರ ಜನವರಿಯಲ್ಲಿ ಕೊನೆಯಾದಾಗ ನಮ್ಮ ಗಾರ್ಮೆಂಟ್ಸ್‌ಗೆ ದಾರಿ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಅನ್ನ ಹೊರದೇಶದ ವ್ಯಾಪಾರದಿಂದಲೇ ಬಂದದ್ದು. ನನ್ನ ತಕರಾರು ಬೇರೆ. ಕೆಲಸ ಬಂದರೂ ಹೋದರೂ ಅದರ ಲೆಕ್ಕವನ್ನು ಯಾರೋ ಒಬ್ಬರು ಎದ್ದು ನಿಂತು ಹೇಳಬೇಕಲ್ಲ?

ವೈಟ್‌ಫೀಲ್ಡ್ ಅಂದಾಗ ನೆನಪಾಯಿತು. ಅಲ್ಲಿನ ಐಟಿಪಿಎಲ್ ಟೆಕ್ ಪಾರ್ಕ್ ಮೊದಲಿಗೆ ಸಿಂಗಪುರದ ಕಂಪನಿಗಳು, ಟಾಟಾ ಮತ್ತು ನಮ್ಮ ರಾಜ್ಯ ಸರ್ಕಾರ ಸೇರಿ ಕಟ್ಟಿದ್ದು. 2005ರ ಜೂನ್ 29ರಂದು ಸಿಂಗಪುರದ ಜೊತೆ ನಮ್ಮ ಸಮಗ್ರ ಆರ್ಥಿಕ ಒಪ್ಪಂದವೂ ಆಯಿತು. ವರ್ಷಗಳು ಕಳೆದಂತೆ ಸಿಂಗಪುರದ ಜನ, ಈ ಒಪ್ಪಂದದಿಂದಾಗಿ ಭಾರತದವರು ಬಂದು ನಮ್ಮ ಕೆಲಸ ಕಿತ್ತುಕೊಂಡರು ಎಂದು ಗೊಣಗತೊಡಗಿದರು. ಆಗ ಏನಾಯಿತು ನೋಡಿ. 2021ರ ಜುಲೈ 6ರಂದು ಓಂಗ್ ಯೇ ಕುಂಗ್, ಟಾನ್ ಸೀ ಲೆಂಗ್ ಎಂಬ ಇಬ್ಬರು ಸಚಿವರು ಸಂಸತ್ತಿನಲ್ಲಿ ನಿಂತು ಉತ್ತರ ಕೊಟ್ಟರು. ಕಂಪನಿಯೊಳಗಿನ ವರ್ಗಾವಣೆಯ ಮೇಲೆ 2020ರಲ್ಲಿ ಸಿಂಗಪುರದಲ್ಲಿದ್ದವರು ಸುಮಾರು 4,200. ಅವರಲ್ಲಿ ಭಾರತದವರು 500ಕ್ಕೆ ಸ್ವಲ್ಪ ಹೆಚ್ಚು ಎಂದರು. ಸೆಪ್ಟೆಂಬರ್‌ನಲ್ಲಿ ಮತ್ತೆ ದೀರ್ಘ ಚರ್ಚೆ ನಡೆಯಿತು. ವಾದದಲ್ಲಿ ಯಾರು ಗೆದ್ದರು ಎನ್ನುವುದು ಹಾಗಿರಲಿ, ಕೇಳಿದ ಪ್ರಶ್ನೆಗೆ ಸದನದಲ್ಲಿ ಒಂದು ಅಂಕಿ ಸಿಕ್ಕಿತು.

ನಮ್ಮಲ್ಲಿ ಹಾಗಿಲ್ಲ. ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಕೇಂದ್ರ ಪಟ್ಟಿಯ 14ನೇ ವಿಷಯ. ಸಹಿಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಸುಂಕ ಇಳಿಸಲು ಹಣಕಾಸು ಸಚಿವಾಲಯದ ಅಧಿಸೂಚನೆ ಸಾಕು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ, ಒಪ್ಪಂದ ಮಾಡಿಕೊಳ್ಳುವ ಅಧಿಕಾರಕ್ಕೆ ಸಂಸತ್ತು ಕಾನೂನಿನ ಚೌಕಟ್ಟು ಹಾಕಬೇಕು ಎಂದಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಆ ಕಾನೂನು ತರಲಿಲ್ಲ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ.

ಒಮ್ಮೆ ಮಾತ್ರ ಜನ ಉತ್ತರ ಪಡೆದರು. 2019ರಲ್ಲಿ ಆರ್‌ಸಿಇಪಿ ಎಂಬ ಹಲವು ದೇಶಗಳ ವ್ಯಾಪಾರ ಒಪ್ಪಂದವಾದರೆ ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದು ಬೀಳುತ್ತದೆ ಎಂದು ನಮ್ಮ ಹೈನುಗಾರರೂ ರೈತ ಸಂಘದವರೂ ಬೀದಿಗಿಳಿದರು. ನವೆಂಬರ್ 4ರಂದು, ಅದೇ ಬ್ಯಾಂಕಾಕ್‌ನಲ್ಲಿ, ಭಾರತ ಹಿಂದೆ ಸರಿಯಿತು. ಹಾಲಿನವರಿಗೆ ಊರೂರಿಗೂ ಡೇರಿ ಇದೆ, ಸೊಸೈಟಿ ಇದೆ, ಅದರ ಹಿಂದೆ ಓಟಿದೆ. ಪೀಣ್ಯದ ಹುಡುಗ ಇಲ್ಲಿ ಬಾಡಿಗೆ ಕೋಣೆಯಲ್ಲಿರುತ್ತಾನೆ, ಅವನ ಓಟು ರಾಯಚೂರಿನಲ್ಲೋ ಬಿಹಾರದಲ್ಲೋ ಇರುತ್ತದೆ. ಹತ್ತು ಜನರ ಶೆಡ್ಡಿನಲ್ಲಿ ಸಂಘ ಎಲ್ಲಿಂದ ಬರಬೇಕು?

ಉದ್ಯೋಗದ ಮಾತನ್ನು ಒಪ್ಪಂದದಲ್ಲಿ ಬರೆಯಲಾಗದು ಅಂತೇನೂ ಇಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳ ಜೊತೆ 2024ರ ಮಾರ್ಚ್‌ನಲ್ಲಿ ಆದ ಒಪ್ಪಂದದಲ್ಲಿ 15 ವರ್ಷಗಳಲ್ಲಿ 10 ಲಕ್ಷ ನೇರ ಉದ್ಯೋಗ ಎಂದು ಬರೆದಿದ್ದಾರೆ. ಹಾಗೆ ಬರೆದ ಮೇಲೆ ವರ್ಷವರ್ಷವೂ ಎಷ್ಟಾಯಿತು ಎಂದು ಕೇಳುವ ಹಕ್ಕು ನಮಗೆ ಬಂತು.

ಕೇಳಲು ದೆಹಲಿಗೇ ಹೋಗಬೇಕೆಂದಿಲ್ಲ. ಪೀಣ್ಯ ಇರುವುದು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ. 2024ರಲ್ಲಿ ಅಲ್ಲಿಂದ ಗೆದ್ದ ಶೋಭಾ ಕರಂದ್ಲಾಜೆಯವರಿಗೆ ಕೇಂದ್ರ ಸರ್ಕಾರದಲ್ಲಿ ರಾಜ್ಯ ಸಚಿವೆಯಾಗಿ ಸಿಕ್ಕಿದ್ದು ಸಣ್ಣ ಕೈಗಾರಿಕೆ ಮತ್ತು ಕಾರ್ಮಿಕ ಖಾತೆಗಳೇ. ಆಸಿಯಾನ್ ಒಪ್ಪಂದದ ಮರುಪರಿಶೀಲನೆಯನ್ನೂ ಕೇಂದ್ರ ಕೈಗೆತ್ತಿಕೊಂಡಿದೆ. ಹೊಸ ಸಹಿ ಬೀಳುವ ಮುಂಚೆ ಸಂಸದರು ಪೀಣ್ಯದಲ್ಲೇ ಒಂದು ಸಭೆ ಕರೆಯಲಿ; ಮಾಲೀಕರ ಸಂಘದವರ ಪಕ್ಕದಲ್ಲಿ ಲೇತ್ ಮುಂದೆ ನಿಲ್ಲುವವರನ್ನೂ ಕೂರಿಸಲಿ. ಭಾನುವಾರ ಇಟ್ಟುಕೊಂಡರೆ ಒಳ್ಳೆಯದು, ಬೇರೆ ದಿನವಾದರೆ ಬಂದ ಹುಡುಗರಿಗೆ ಆ ದಿನದ ಸಂಬಳ ಹೋಗುತ್ತದೆ.