ಕರಡಚ್ಚು ತಿದ್ದುವವಳ ಮಾತು

ಅನ್ಯರ ಪುಸ್ತಕಗಳ ಕರಡಚ್ಚನ್ನು ತಿದ್ದುವ ಕೆಲಸಕ್ಕೆ ನಾನು ಕೈಯಿಟ್ಟುದು 2001ರಲ್ಲಿ. ಯಾವ ಕಚೇರಿಗೂ ನಾನು ಸೇರಿದವಳಲ್ಲ. ನಡುಮನೆಯ ಕಿಟಕಿಯ ಬಳಿ ಒಂದು ಮೇಜು, ಅದರ ಮೇಲೊಂದು ಗಣಕಯಂತ್ರ, ಕೈಗೆಟುಕುವಂತೆ ನಿಘಂಟು, ಕೆಂಪು ಶಾಯಿಯ ಲೇಖನಿ, ಇಷ್ಟೇ ನನ್ನ ಕಾರ್ಯಾಲಯ. ನೆರೆಯವರು, “ಹೇಗೂ ಮನೆಯಲ್ಲಿಯೇ ಇರುತ್ತೀರಲ್ಲ” ಎಂದು ತಮ್ಮ ಮನೆಯ ಬೀಗದ ಕೈಯನ್ನೂ, ಗ್ಯಾಸಿನವನಿಗೆ ಕೊಡಬೇಕಾದ ಹಣವನ್ನೂ ನನ್ನಲ್ಲಿ ಬಿಟ್ಟುಹೋಗುತ್ತಾರೆ. ಮನೆಯಲ್ಲಿರುವವಳಿಗೂ ಗಡುವಿನ ಕೆಲಸವಿರಬಹುದೆಂಬುದನ್ನು ಅವರಿಗೆ ತಿಳಿಯಹೇಳುವುದು ಈವರೆಗೆ ನನ್ನಿಂದಾಗಿಲ್ಲ.

ಓದುವುದೇ ಕೆಲಸವಾದರೆ ಅದಕ್ಕಿಂತ ಮಿಗಿಲಾದ ಸುಖವುಂಟೆ ಎಂದು ಕೇಳುವವರಿದ್ದಾರೆ. ಸುಖಕ್ಕಾಗಿ ಓದುವಾಗ ಕಣ್ಣು ಪದದಿಂದ ಪದಕ್ಕೆ ಹಾರುತ್ತದೆ. ಬಿಟ್ಟುಹೋದ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ತಿದ್ದುವವಳು ಆ ಅಭ್ಯಾಸವನ್ನು ಬಿಡಬೇಕು. ನಮ್ಮ ಲಿಪಿಯಲ್ಲಿ ಒಂದು ಸಣ್ಣ ಗೆರೆ ಹೆಚ್ಚಾದರೆ ಅಲ್ಪಪ್ರಾಣವು ಮಹಾಪ್ರಾಣವಾಗುತ್ತದೆ; ‘ಹಾರ್ದಿಕ’ವು ‘ಹಾರ್ಧಿಕ’ವಾಗಿ ನಿಲ್ಲುತ್ತದೆ. ‘ಆದರದ ಸ್ವಾಗತ’ ಎಂಬಲ್ಲಿ ಕೈತಪ್ಪಿ ಒಂದು ಹಕಾರವು ಸೇರಿತೆಂದರೆ ಆ ಆಮಂತ್ರಣಪತ್ರವನ್ನು ಬಂಧುಗಳಿಗೆ ಹಂಚುವಂತಿಲ್ಲ. ಹಳೆಯ ಲಿಪಿಸಂಕೇತದಲ್ಲಿ ಬೆರಳಚ್ಚಾದುದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಳ ತಪ್ಪುವುದುಂಟು. ಲೇಖಕರೂ ಮಾಡದ, ಬೆರಳಚ್ಚುಗಾರರೂ ಮಾಡದ ತಪ್ಪು ಹೀಗೆ ಯಂತ್ರದಲ್ಲಿ ಹುಟ್ಟುತ್ತದೆ. ಇನ್ನು ದಪ್ಪಕ್ಷರದ ತಲೆಬರಹದಲ್ಲಿ ಉಳಿಯುವ ತಪ್ಪುಗಳನ್ನು ಏನೆಂದು ಹೇಳಲಿ! ಅಲ್ಲಿ ತಪ್ಪಿರಲಾರದೆಂದು ಎಲ್ಲರೂ ನಂಬಿರುವುದರಿಂದ ಅದನ್ನು ಯಾರೂ ಓದುವುದೇ ಇಲ್ಲ.

ನನಗೆ ಈ ವಿದ್ಯೆಯನ್ನು ಕಲಿಸಿದವರು ಮೈಸೂರಿನ ಒಂದು ಚಿಕ್ಕ ಮುದ್ರಣಾಲಯದ ಹಿರಿಯರು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಕಾಲದವರು. ಪ್ರತಿಯೊಂದು ಪುಸ್ತಕವನ್ನೂ ಮೂರು ಸಲ ಓದಬೇಕೆಂಬುದು ಅವರ ಕಟ್ಟಳೆ. ಮೊದಲನೆಯದು ಅರ್ಥಕ್ಕಾಗಿ, ಕೈಯಲ್ಲಿ ಲೇಖನಿಯಿಲ್ಲದೆ. ಎರಡನೆಯದು ಅಕ್ಷರಕ್ಕಾಗಿ, ಹಸ್ತಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು. ಮೂರನೆಯದು ಅಂಕಿ, ಹೆಸರು, ಪುಟಸಂಖ್ಯೆಗಳಿಗಾಗಿ. ತಿದ್ದಿದ ಸಾಲನ್ನು ಮತ್ತೊಮ್ಮೆ ನೋಡಬೇಕೆಂದೂ ಅವರು ಹೇಳುತ್ತಿದ್ದರು. ಒಂದು ತಪ್ಪನ್ನು ತೆಗೆಯುವಾಗಲೇ ಇನ್ನೊಂದು ನುಸುಳುವುದಂತೆ. ಸಂಭಾವನೆಯ ಮಾತನ್ನು ಕೆಲಸಕ್ಕೆ ಮೊದಲೇ ಬರೆದು ಒಪ್ಪಿಸಿಕೊಳ್ಳಬೇಕೆಂಬುದನ್ನು ಮಾತ್ರ ಅವರು ಕಲಿಸಲಿಲ್ಲ. ಒಬ್ಬ ಪ್ರಕಾಶಕರು ಒಂದು ವರುಷ ನನ್ನನ್ನು ಅಲೆಸಿ ಅದನ್ನು ಕಲಿಸಿದರು.

ನಾನು ಹೇಳಹೊರಟುದು 2014ರಲ್ಲಿ ನನ್ನಿಂದಲೇ ನಡೆದ ಒಂದು ಅಪರಾಧದ ವಿಷಯ. ಧಾರವಾಡದ ಕಡೆಯ ಒಬ್ಬ ವೃದ್ಧೆ, ನಿವೃತ್ತ ಉಪಾಧ್ಯಾಯಿನಿ, ತಮ್ಮ ಬಾಲ್ಯದ ನೆನಪುಗಳನ್ನು ಬರೆದು, ಸ್ವಂತ ಖರ್ಚಿನಲ್ಲಿ 300 ಪ್ರತಿಗಳನ್ನು ಅಚ್ಚುಹಾಕಿಸಲು ಹೊರಟಿದ್ದರು. ಕಣ್ಣಿಗೆ ಪೊರೆ ಬಂದಿದ್ದುದರಿಂದ ಕಡೆಯ ಕರಡಚ್ಚನ್ನು ತಾವು ನೋಡಲಾರೆವೆಂದು ಪೂರ್ಣವಾಗಿ ನನಗೆ ಒಪ್ಪಿಸಿದರು. ಆಗ ನನ್ನ ಕೈಯಲ್ಲಿ ಎರಡು ಕೆಲಸಗಳು. ಮಗಳ ಕಾಲೇಜಿನ ಶುಲ್ಕಕ್ಕೆ ಹತ್ತೇ ದಿನಗಳು. ಅರ್ಥಕ್ಕಾಗಿ ಓದುವ ಮೊದಲನೆಯ ಓದನ್ನು ಬಿಟ್ಟು ನೇರವಾಗಿ ಅಕ್ಷರಕ್ಕಿಳಿದೆನು. ಪುಸ್ತಕದಲ್ಲಿ ಕೆಲವೆಡೆ ‘ಅವ್ವ’ ಎಂದೂ, ಕೆಲವೆಡೆ ‘ಅಮ್ಮ’ ಎಂದೂ ಇದ್ದಿತು. ಒಂದು ಪುಸ್ತಕದಲ್ಲಿ ಒಂದು ಪದಕ್ಕೆ ಒಂದೇ ರೂಪವಿರಬೇಕೆಂಬುದು ನಮ್ಮ ವೃತ್ತಿಯ ನಿಯಮವಲ್ಲವೆ? ಗಣಕಯಂತ್ರದಲ್ಲಿ ಅದಕ್ಕೆ ಸುಲಭೋಪಾಯವೂ ಉಂಟು. ಗುಂಡಿಯನ್ನು ಒಮ್ಮೆ ಒತ್ತಿದೆನು. ಕ್ಷಣಾರ್ಧದಲ್ಲಿ ಪುಸ್ತಕದ ಅವ್ವಂದಿರೆಲ್ಲರೂ ಅಮ್ಮಂದಿರಾದರು.

ಅಚ್ಚಾಗಿ 50 ಪ್ರತಿಗಳಿಗೆ ರಟ್ಟು ಕಟ್ಟಿದ ಮೇಲೆ ಒಂದು ಸಂಜೆ ಆಕೆಯ ದೂರವಾಣಿ ಬಂದಿತು. ಮೊಮ್ಮಗಳಿಂದ ಓದಿಸಿ ಕೇಳಿದ್ದರು. ಸ್ವರದಲ್ಲಿ ಕೋಪವಿರಲಿಲ್ಲ.

“ತಂಗೀ, ನಮ್ಮವ್ವ ಎಲ್ಲಿ ಹೋದ್ಲು ಈ ಪುಸ್ತಕದಾಗ?”

ಹಡೆದವಳು ಅವ್ವ. ಆಕೆ ತೀರಿಕೊಂಡಾಗ ಮಗುವಿಗೆ ಏಳು ವರುಷ. ಆಮೇಲೆ ತಂದೆಯು ಮದುವೆಯಾಗಿ ತಂದವಳು, ಇವರನ್ನು ಓದಿಸಿ ಉಪಾಧ್ಯಾಯಿನಿಯನ್ನಾಗಿ ಮಾಡಿದವಳು, ಅಮ್ಮ. ಇಬ್ಬರ ಋಣವನ್ನೂ ಬೇರೆ ಬೇರೆಯಾಗಿ ತೀರಿಸಬೇಕೆಂದೇ ಅವರು ಆ ಪುಸ್ತಕವನ್ನು ಬರೆದುದು. ನಾನು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದ್ದೆನು. ಒಂದು ಅಧ್ಯಾಯದಲ್ಲಿ ಅಮ್ಮನ ಶವವನ್ನು ಹೊರುತ್ತಾರೆ. ಮುಂದಿನ ಅಧ್ಯಾಯದಲ್ಲಿ ಅಮ್ಮ ರೊಟ್ಟಿ ಬಡಿಯುತ್ತಾಳೆ. ಒಂದೇ ಒಂದು ಸಲ ಅರ್ಥಕ್ಕಾಗಿ ಓದಿದ್ದರೆ ಈ ಅನರ್ಥವು ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಆ ರಾತ್ರಿ ನಿಘಂಟನ್ನು ತೆರೆದು ನೋಡಿದೆನು. ಎರಡು ಪದಗಳಿಗೂ ತಾಯಿ ಎಂಬ ಅರ್ಥವೇ. ನಿಘಂಟು ತಪ್ಪಿರಲಿಲ್ಲ; ಆದರೆ ಆ ಮನೆಯಲ್ಲಿ ಆ ಎರಡು ಪದಗಳ ನಡುವೆ ಇದ್ದ ವ್ಯತ್ಯಾಸವನ್ನು ಬಲ್ಲವರು ಲೇಖಕಿಯೊಬ್ಬರೇ; ಅವರನ್ನು ನಾನು ಕೇಳಿರಲಿಲ್ಲ.

ಅದೃಷ್ಟವಶಾತ್ ಅವ್ವನ ಕಥೆಯೆಲ್ಲವೂ ಮೊದಲಿನ ಎರಡು ಫಾರಂಗಳಲ್ಲಿ, ಎಂದರೆ 32 ಪುಟಗಳಲ್ಲಿ, ಮುಗಿದಿದ್ದಿತು. ರಟ್ಟು ಕಟ್ಟದೆ ಉಳಿದ 250 ಪ್ರತಿಗಳಿಗೆ ಆ ಎರಡು ಫಾರಂಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚುಹಾಕಿಸಿದೆನು. ಮುಂದಿನ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದುದಕ್ಕೆ ತಪ್ಪೊಪ್ಪೋಲೆಯನ್ನು ಸೇರಿಸಿದೆವು. ಕಟ್ಟಿದ್ದ 50 ಪ್ರತಿಗಳನ್ನು ಆಕೆ ಯಾರಿಗೂ ಕೊಡಲಿಲ್ಲ. ನನಗೆ ಬಂದ ಸಂಭಾವನೆಗಿಂತಲೂ ಖರ್ಚೇ ಹೆಚ್ಚಾಯಿತು. ಮಗಳ ಶುಲ್ಕಕ್ಕೆ ತಮ್ಮನಲ್ಲಿ ಸಾಲ ತಂದೆನು. ಕ್ಷಮೆ ಕೇಳಲು ಹೋದಾಗ ಆಕೆ ಚಹ ಕೊಟ್ಟು, “ಇನ್ನ ಮ್ಯಾಲೆ ತಿಳೀಲಿಲ್ಲಂದ್ರ ಕೇಳ್ರಿ, ತಂಗಿ” ಎಂದಷ್ಟೇ ಹೇಳಿದರು.

ಅಂದಿನಿಂದ ನನ್ನ ಕ್ರಮವು ಬದಲಾಗಿದೆ. ಪ್ರತಿ ಪುಸ್ತಕಕ್ಕೂ ಒಂದು ಹಾಳೆಯನ್ನಿಟ್ಟು, ಲೇಖಕರು ಯಾವ ಪದವನ್ನು ಯಾವ ರೂಪದಲ್ಲಿ, ಯಾರ ಬಾಯಲ್ಲಿ ಬಳಸಿದ್ದಾರೆಂದು ಗುರುತಿಸಿಕೊಳ್ಳುತ್ತೇನೆ. ಕಾಗುಣಿತ ತಪ್ಪಿದ್ದರೆ ತಿದ್ದುತ್ತೇನೆ. ಮಾತು ವಿಚಿತ್ರವಾಗಿ ಕಂಡರೆ ಅಂಚಿನಲ್ಲಿ ಪ್ರಶ್ನೆಯನ್ನು ಬರೆದು ಕಳುಹಿಸುತ್ತೇನೆ. ಗುಂಡಿಯೊತ್ತಿ ಎಲ್ಲವನ್ನೂ ಒಮ್ಮೆಗೇ ಬದಲಿಸುವುದನ್ನು ಬಿಟ್ಟಿದ್ದೇನೆ. ಒಂದೊಂದನ್ನೂ ನೋಡಿಯೇ ಮುಂದೆ ಹೋಗುತ್ತೇನೆ. ಇದರಿಂದ ದಿನಕ್ಕೆ ಆಗುವ ಪುಟಗಳು ಕಡಿಮೆಯಾದುವು. ದರವನ್ನು ಸ್ವಲ್ಪ ಹೆಚ್ಚಿಸಬೇಕಾಯಿತು. ಕೆಲವರು ಬಿಟ್ಟುಹೋದರು, ಉಳಿದವರು ಇನ್ನೂ ಬರುತ್ತಿದ್ದಾರೆ.

ಎರಡು ವರುಷಗಳ ತರುವಾಯ ಒಂದು ದಪ್ಪನೆಯ ಲಕೋಟೆ ಬಂದಿತು. ಆಕೆಯ ಎರಡನೆಯ ಪುಸ್ತಕದ ಹಸ್ತಪ್ರತಿ. ನನಗೇ ಕಳುಹಿಸಿದ್ದರು. ಲೇಖನಿಯನ್ನು ಒಳಗಿಟ್ಟು, ಮೊದಲ ಪುಟದಿಂದ ಕಡೆಯ ಪುಟದವರೆಗೆ ಸುಮ್ಮನೆ ಓದಿದೆನು. ಮರುದಿನ ಬೆಳಗ್ಗೆ ಆಕೆಗೆ ಹದಿನೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದೆನು.