ನಡುವಿನ ತುಂಡು ಯಾರಿಗೆ

ಮರಾಕೆಶ್ ಅಥವಾ ಫೆಜ್ ನಗರದಲ್ಲಿ ಪ್ರವಾಸಿಗರಿಗಾಗಿ ನಡೆಯುವ ಹೋಟೆಲಿಗೆ ನಾಲ್ವರು ಸ್ನೇಹಿತರು ಮಧ್ಯಾಹ್ನದ ಊಟಕ್ಕೆ ಹೋದರೆ ಸಾಮಾನ್ಯವಾಗಿ ನಾಲ್ಕು ಪುಟ್ಟ ತಜೀನ್‌ಗಳು ಬರುತ್ತವೆ. ಒಬ್ಬೊಬ್ಬರ ಮುಂದೂ ಗೋಪುರದಂಥ ಮುಚ್ಚಳದ ಒಂದೊಂದು ಮಣ್ಣಿನ ಪಾತ್ರೆ, ಅವರವರ ಊಟ ಅವರವರಿಗೆ. ಬೇಕಾದ್ದನ್ನು ಆರಿಸಿಕೊಳ್ಳುವ ಅನುಕೂಲ ಇದರಲ್ಲಿದೆ. ಆದರೂ ಸ್ನೇಹಿತರು ಕೂಡಿ ಹೋದ ಮೇಲೆ ಒಂದೇ ದೊಡ್ಡ ಪಾತ್ರೆಯನ್ನು ಕೇಳಬೇಕು ಎಂಬುದು ನನ್ನ ವಾದ. ಮೊರಾಕೊದ ಅಡುಗೆ ಹುಟ್ಟಿದ್ದೇ ಹಂಚಿಕೊಂಡು ತಿನ್ನುವುದಕ್ಕೆ. ಪಾಲು ಮಾಡಿ ಬಡಿಸಿದರೆ ರುಚಿ ಉಳಿದೀತು, ಊಟದ ಕ್ರಮ ಉಳಿಯದು.

ಕುಸ್ಕುಸ್ ತಯಾರಾಗುವ ಬಗೆಯನ್ನೇ ನೋಡಿ. ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜುತ್ತ ಸಣ್ಣ ಕಾಳು ಮಾಡುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಮಾಂಸ, ತರಕಾರಿಯ ಸಾರು ಕುದಿಯುತ್ತಿರುವಾಗ ಮೇಲಿನ ತೂತಿನ ಪಾತ್ರೆಯಲ್ಲಿ ಈ ಕಾಳು ಹಬೆಗೆ ಬೇಯುತ್ತದೆ. ಇಡ್ಲಿ, ಕಡುಬು ಬೇಯಿಸುವವರಿಗೆ ಹಬೆಯ ಮರ್ಮ ಹೊಸದಲ್ಲ. ಆದರೆ ಇಲ್ಲಿ ಒಂದು ಸಲ ಬೆಂದರೆ ಸಾಲದು: ಅಗಲ ತಟ್ಟೆಗೆ ಸುರುವಿ, ನೀರು ಹಾಕಿ, ಗಂಟು ಬಿಡಿಸಿ, ಮತ್ತೆ ಹಬೆಗಿಡಬೇಕು, ಹೀಗೆ ಎರಡು ಮೂರು ಸಲ. ಒಂಟಿ ಹೊಟ್ಟೆಗಾಗಿ ಇಷ್ಟು ದುಡಿಯುವವರು ವಿರಳ. ಅದಕ್ಕೇ ಅದು ಶುಕ್ರವಾರದ ನಮಾಜಿನ ಬಳಿಕ ಮನೆಮಂದಿಯೆಲ್ಲ ಸೇರುವ ಊಟವಾಗಿ ನಿಂತಿದೆ. 2020ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೂಡ ಬರೀ ತಿನಿಸನ್ನಲ್ಲ, ಅದನ್ನು ಮಾಡುವ ಮತ್ತು ತಿನ್ನುವ ಅರಿವು, ರೂಢಿಗಳನ್ನು. ಮನವಿ ಸಲ್ಲಿಸಿದ್ದು ಮೊರಾಕೊ, ಅಲ್ಜೀರಿಯ, ಟ್ಯುನೀಸಿಯ, ಮಾರಿಟೇನಿಯ ಒಟ್ಟಾಗಿ. 1994ರಿಂದ ತಮ್ಮ ನಡುವಿನ ಗಡಿಯನ್ನು ಮುಚ್ಚಿಕೊಂಡಿರುವ ಮೊರಾಕೊ, ಅಲ್ಜೀರಿಯಗಳಿಂದ ಒಂದೇ ಕಾಗದಕ್ಕೆ ಸಹಿ ಹಾಕಿಸಿದ ಈ ತಟ್ಟೆಯ ಬಗ್ಗೆ ನನಗೆ ಗೌರವವಿದೆ.

ಒಂದೇ ಪಾತ್ರೆಯ ಊಟಕ್ಕೆ ಮೊದಲ ಆಕ್ಷೇಪ ಎಂಜಲಿನದು. ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕುವ ಪಂಕ್ತಿಯಲ್ಲಿ ಉಂಡು ಬೆಳೆದವರಿಗೆ ಹತ್ತು ಕೈ ಇಳಿಯುವ ಪಾತ್ರೆ ಹಿಂಸೆಯಾಗುವುದು ಸಹಜ. ಆದರೆ ಅಲ್ಲಿ ಕಟ್ಟುಪಾಡಿಲ್ಲ ಎಂದುಕೊಂಡರೆ ತಪ್ಪು. ಊಟಕ್ಕೆ ಮುಂಚೆ ಗಿಂಡಿಯಿಂದ ನೀರೆರೆದು ಕೈ ತೊಳೆಸುವ ಸಂಪ್ರದಾಯವಿದೆ. ಬಲಗೈಯ ಬೆರಳುಗಳಿಂದ, ಇಲ್ಲವೇ ಖುಬ್ಜ್ ಎಂಬ ದುಂಡು ರೊಟ್ಟಿಯ ಚೂರಿನಿಂದ ತುತ್ತೆತ್ತಬೇಕು. ಅದೂ ತನ್ನೆದುರಿನ ಭಾಗದಿಂದ ಮಾತ್ರ. ಪಕ್ಕದವರ ಕಡೆಗೆ ಕೈ ಚಾಚುವುದು ಅಸಭ್ಯ. ಕಣ್ಣಿಗೆ ಕಾಣದ ಗೆರೆಯೊಂದು ಪ್ರತಿಯೊಬ್ಬರ ಪಾಲನ್ನು ಕಾಯುತ್ತದೆ. ನಡುವಿನ ಮಾಂಸ ಎಲ್ಲರಿಗೂ ಸೇರಿದ್ದಾದ್ದರಿಂದ ಅದಕ್ಕೆ ಮೊದಲೇ ಕೈ ಹಾಕುವಂತಿಲ್ಲ. ಕಾಯಬೇಕು, ಎದುರಿನವರು ಎಷ್ಟು ತಿಂದರೆಂದು ನೋಡಬೇಕು, ಒಳ್ಳೆಯ ತುಂಡನ್ನು ಅತಿಥಿಯ ಕಡೆಗೆ ಸರಿಸಬೇಕು. ಬೇರೆ ಬೇರೆ ತಟ್ಟೆಯಲ್ಲಿ ಈ ಗಮನಕ್ಕೆ ಕೆಲಸವೇ ಇಲ್ಲ. ಕೈಯಿಂದ ತಿನ್ನಲು ಒಲ್ಲದವರು ಚಮಚ ಹಿಡಿಯಲಿ. ಕಾಯುವುದು, ನೋಡುವುದು, ಸರಿಸುವುದು ಆಗಲೂ ನಡೆಯುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಒಂದೇ ಪಾತ್ರೆ ಎಂದಮಾತ್ರಕ್ಕೆ ಎಲ್ಲರೂ ಸಮಾನರಲ್ಲ. ಹಳೆಯ ಮನೆಗಳಲ್ಲಿ ಗಂಡಸರು, ಅತಿಥಿಗಳು ಉಂಡ ಮೇಲೆ ಅಡುಗೆ ಮಾಡಿದ ಹೆಂಗಸರು ಕೂರುತ್ತಿದ್ದುದೂ ಉಂಟು. ನಮ್ಮ ಎಲೆಯ ಸಾಲಿನಲ್ಲೂ ಪಂಕ್ತಿಭೇದ ಇತ್ತಲ್ಲ. ಹಾಗಾಗಿ ಪಾತ್ರೆಯ ಆಕಾರಕ್ಕೆ ಪುಣ್ಯ ಕಟ್ಟಲಾರೆ. ಆದರೆ ಹೋಟೆಲಿಗೆ ಬಂದ ಸ್ನೇಹಿತರಲ್ಲಿ ಯಜಮಾನ ಯಾರೂ ಇಲ್ಲ. ಗಂಡು ಹೆಣ್ಣು ಒಟ್ಟಿಗೇ ಕೂತಿದ್ದಾರೆ, ಅಡುಗೆಮನೆಯಲ್ಲಿ ಕಾಯುತ್ತಿರುವ ಮನೆಯವರೂ ಇಲ್ಲ. ಹಳೆಯ ರೂಢಿಯ ಒಳ್ಳೆಯ ಅರ್ಧವನ್ನಷ್ಟೇ ಉಳಿಸಿಕೊಳ್ಳಲು ಇದಕ್ಕಿಂತ ತಕ್ಕ ಜಾಗ ಯಾವುದು?

ಸಸ್ಯಾಹಾರಿ ಸ್ನೇಹಿತರಿದ್ದರೆ ಮಾತ್ರ ನನ್ನ ವಾದ ಸ್ವಲ್ಪ ಬಾಗಬೇಕಾಗುತ್ತದೆ. ಏಳು ತರಕಾರಿಯ ಕುಸ್ಕುಸ್ ಎಂಬ ಹೆಸರನ್ನು ನಂಬುವಂತಿಲ್ಲ, ಅದರ ಸಾರು ಹೆಚ್ಚಾಗಿ ಮಾಂಸದ್ದೇ. ಮುಂಚೆಯೇ ಹೇಳಿಟ್ಟು ಎಲ್ಲರಿಗೂ ತರಕಾರಿಯದನ್ನೇ ಮಾಡಿಸುವುದು ಮೇಲು. ಒಂದು ಮಧ್ಯಾಹ್ನ ಮಾಂಸ ಬಿಟ್ಟರೆ ಮಿಕ್ಕವರು ಕಳೆದುಕೊಳ್ಳುವುದೇನಿಲ್ಲ. ಒಬ್ಬರ ಮುಂದೆ ಮಾತ್ರ ಬೇರೆ ತಟ್ಟೆ ಇಟ್ಟರೆ ಆ ಒಬ್ಬರು ಮೇಜಿನಲ್ಲಿದ್ದೂ ಊಟದ ಹೊರಗೆ ಉಳಿಯುತ್ತಾರೆ.