ಚಕ್ರವಿಲ್ಲದ ವಿಮಾನ

ಗಲ್ಫಿಗೆ ಹೋದವರ ಮನೆಯ ಚರಿತ್ರೆಯನ್ನು ಆ ಮನೆಯ ಶೋಕೇಸು ನೋಡಿಯೇ ಹೇಳಿಬಿಡಬಹುದು ಎಂಬುದು ನನ್ನ ಬಹುಕಾಲದ ನಂಬಿಕೆ. ನಮ್ಮ ಕಾಟಿಪಳ್ಳದಲ್ಲಿ ಅಂಥ ಶೋಕೇಸುಗಳಿಗೆ ಬರವಿಲ್ಲ. ಖಾಲಿಯಾದ ಸೆಂಟಿನ ಬಾಟಲಿ, ಗಾಜಿನ ಒಂಟೆ, ಯಾರೂ ಚಹಾ ಕುಡಿಯದ ಚಹಾ ಸೆಟ್ಟು. ಬಂದರಿಗಾಗಿ ಪಣಂಬೂರಿನ ಮನೆ ಗದ್ದೆ ಬಿಟ್ಟು, ಇಲ್ಲಿ ನಂಬರು ಹಾಕಿದ ಬ್ಲಾಕುಗಳಲ್ಲಿ ನೆಲೆ ನಿಂತವರ ಊರು ಇದು. 1975ರಲ್ಲಿ ಬಂದರಿನ ಉದ್ಘಾಟನೆಯಾಯಿತು. ಆದರೆ ಗದ್ದೆ ಕಳಕೊಂಡ ಮನೆಗಳ ಎಷ್ಟೋ ಹುಡುಗರು ಹತ್ತಿದ್ದು ಹಡಗನ್ನಲ್ಲ, ವಿಮಾನವನ್ನು.

ನಮ್ಮ ಭಾವನೂ ಹಾಗೆ ಹೋದವರೇ. ಆಗ ಬಜಪೆಯಿಂದ ದುಬೈಗೆ ವಿಮಾನವಿರಲಿಲ್ಲ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬೊಂಬಾಯಿ ಸೇರಬೇಕು. ಅವರಿಗೆ ಮೊದಲ ಟಿಕೇಟು ಕೊಟ್ಟ ಹಂಪನಕಟ್ಟೆಯ ಟ್ರಾವೆಲ್ ಏಜೆನ್ಸಿ ಮುಂದೊಂದು ದಿನ ಬಾಗಿಲು ಹಾಕಿತು. ರಜೆಯಲ್ಲಿ ಬಂದಿದ್ದ ಭಾವ ಅದರ ಕಿಟಕಿಯಲ್ಲಿದ್ದ ವಿಮಾನವನ್ನು ಕೊಂಡು, ಆಟೋದಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದು ತಂದರು. ಏರ್ ಇಂಡಿಯಾದ ಬೋಯಿಂಗ್ 747. ಕಿಟಕಿ ಕಿಟಕಿಗೂ ಅರಮನೆಯ ಝರೋಕದಂತೆ ಕೆಂಪು ಕಮಾನು. ನಿಜವಾದ ವಿಮಾನ ಸುಮಾರು 70 ಮೀಟರು ಉದ್ದ. ಇದು ಅದರ ನೂರನೆಯ ಒಂದು ಪಾಲು, ಅಂದರೆ 70 ಸೆಂಟಿಮೀಟರು. ರೆಕ್ಕೆಯ ಅಗಲ 60. ಶೋಕೇಸಿನ ಯಾವ ಖಾನೆಗೂ ಹಿಡಿಸಲಿಲ್ಲ. ಟೀವಿಯ ಪಕ್ಕದ ಮೇಜಿಗೆ ಅದೇ ಯಜಮಾನನಾಯಿತು.

ತೊಂದರೆ ಇದ್ದದ್ದು ಸ್ಟ್ಯಾಂಡಿನಲ್ಲಿ. ಹಳೆಯದರ ಹಿತ್ತಾಳೆ ಸರಳು ಬಾಗಿತ್ತು, ಪೀಠ ಹಗುರ. ಫ್ಯಾನು ಹಾಕಿದರೆ ಮೂಗು ತೂಗುತ್ತಿತ್ತು. ರಿಪೇರಿ ನನ್ನ ಪಾಲಿಗೆ ಬಂತು. ಎರಡೂ ರೆಕ್ಕೆಗಳ ಅಡಿಗೆ ಒಂದೊಂದು ಬೆರಳು ಕೊಟ್ಟು ಎತ್ತಿ, ಬೆರಳನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಕಡೆ ಅದು ಮೂಗನ್ನೂ ಬಗ್ಗಿಸದೆ ಬಾಲವನ್ನೂ ಇಳಿಸದೆ ಸುಮ್ಮನೆ ನಿಲ್ಲುತ್ತದೆ. ಸರಳು ತಾಗಬೇಕಾದದ್ದು ಅಲ್ಲಿಗೇ. ಕೈಕಂಬದ ವೆಲ್ಡಿಂಗ್ ಅಂಗಡಿಯಲ್ಲಿ, ಬಾಲ್ಕನಿ ಕಂಬಿಗೆಂದು ತಂದ ಸ್ಟೀಲಿನ ತುಂಡನ್ನು ಓರೆಯಾಗಿ ಕತ್ತರಿಸಿ ಕೊಟ್ಟರು. ಹಲಸಿನ ಹಲಗೆಯ ಪೀಠ, ಅದರ ಹೊಟ್ಟೆ ಕೊರೆದು ತುಂಬಿದ ಕಬ್ಬಿಣದ ಚೂರು. ಮತ್ತೆ ಅಲುಗಲಿಲ್ಲ.

ಓರೆ ಎಷ್ಟಿರಬೇಕೆಂಬುದೂ ಚರ್ಚೆಯಾಯಿತು. ಆಕಾಶದಲ್ಲಿ ನೆಟ್ಟಗೆ ಸಾಗುವಾಗ ಜಂಬೊ ಮೂಗೆತ್ತುವುದು ಎರಡು ಮೂರು ಡಿಗ್ರಿಯಷ್ಟೆ. ಆದರೆ ಹಾಗೆ ನಿಲ್ಲಿಸಿದರೆ ಅದು ಹಾರುತ್ತಿದೆ ಎಂದು ನಮ್ಮ ಕಣ್ಣು ಒಪ್ಪುವುದೇ ಇಲ್ಲ, ಬಡಿಸಲಿಟ್ಟ ಮೀನಿನ ಹಾಗೆ ಕಾಣುತ್ತದೆ! ಹತ್ತು ಹದಿನೈದು ಡಿಗ್ರಿ ಕೊಟ್ಟರೇ ಚೆಂದ. ಅದು ನೆಲ ಬಿಟ್ಟು ಏರುವ ಹೊತ್ತಿನ ಭಂಗಿ. ಗಲ್ಫಿನವರ ಮನೆಗೆ ಅದೇ ಸರಿ ಎಂದು ನನಗೂ ಅನಿಸಿತು.

2006ರಲ್ಲಿ ಬಜಪೆಯಿಂದಲೇ ದುಬೈಗೆ ವಿಮಾನ ಶುರುವಾಯಿತು. ಬೊಂಬಾಯಿ ಬಸ್ಸಿನ ಕಷ್ಟ ಮುಗಿಯಿತೆಂದು ಅಕ್ಕ ಪಾಯಸ ಮಾಡಿದ್ದಳು.

2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರರ ಹೊತ್ತಿಗೆ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದವರು 166 ಮಂದಿ, ಉಳಿದವರು ಎಂಟೇ ಜನ. ಭಾವನ ಟಿಕೇಟು ಮುಂದಿನ ವಾರದ್ದು ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಫೋನಿನಲ್ಲಿ ಅವರ ಸ್ವರ ಕೇಳುವವರೆಗೆ ಅವಳು ಕೂರಲಿಲ್ಲ. ನಮಗೆ ತಿಳಿದ ಕೆಲವು ಮನೆಗಳಿಗೆ ಅಂಥ ಸ್ವರ ಬರಲಿಲ್ಲ.

ಮರುದಿನ ಅಮ್ಮ ಮೇಜಿನ ಎದುರು ನಿಂತು, "ಅದನ್ನು ಒಮ್ಮೆ ಕೆಳಗೆ ಇಳಿಸು ಮಾರಾಯ, ಹಾರಿದ್ದು ಸಾಕು" ಎಂದರು. ನಾನು ಸರಳಿನಿಂದ ಬಿಡಿಸಿ ಮೇಜಿನ ಮೇಲಿಡಲು ನೋಡಿದೆ. ಆಗಲೇ ನನ್ನ ಗಮನಕ್ಕೆ ಬಂದದ್ದು: ಅದಕ್ಕೆ ಚಕ್ರಗಳೇ ಇಲ್ಲ. ಹಾರುವ ಭಂಗಿಯಲ್ಲೇ ಇಡಲೆಂದು ಮಾಡಿದ ಮಾದರಿಗೆ ಚಕ್ರ ಯಾಕೆ? ಹೊಟ್ಟೆಯಡಿಯ ಬಾಗಿಲುಗಳನ್ನು ಬರಿಯ ಗೆರೆಯಲ್ಲಿ ಬರೆದಿದ್ದರು. ನೆಲಕ್ಕಿಟ್ಟರೆ ಎಂಜಿನುಗಳ ಮೇಲೆ ಕುಸಿದು, ಒಂದು ರೆಕ್ಕೆ ಮೇಜಿಗೆ ತಾಗಿ, ಓರೆಯಾಗಿ ಬಿದ್ದುಕೊಂಡಿತು. ಆ ದಿನಗಳಲ್ಲಿ ಯಾರೂ ನೋಡಬಾರದ ದೃಶ್ಯ. ಅಕ್ಕ ಒಳಗಿನಿಂದ ಬಂದವಳೇ, "ತೆಗಿ, ತೆಗಿ. ಮೇಲೆಯೇ ಇರಲಿ. ಮೇಲೆ ಇದ್ದಾಗ ಏನಾಗಿದೆ ಅದಕ್ಕೆ? ಆದದ್ದೆಲ್ಲ ಇಳಿಯುವಾಗ ಅಲ್ಲವಾ?" ಎಂದಳು. ಅಮ್ಮ ಮತ್ತೆ ಮಾತಾಡಲಿಲ್ಲ.

ಅಕ್ಕ ಹೇಳಿದ್ದು ದುಃಖದ ಮಾತೆಂದು ಆಗ ಭಾವಿಸಿದ್ದೆ. ಆಮೇಲೆ ತನಿಖೆಯ ವರದಿ ಬಂತು: ಇಳಿಯುವ ಹಾದಿ ಸರಿಹೊಂದಿರಲಿಲ್ಲ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕಿತ್ತು, ಸಹಪೈಲಟ್ ಹಾಗೆಂದು ಹೇಳಿಯೂ ಇದ್ದರು. ಪೇಪರಿನಲ್ಲಿ ಅದನ್ನು ಓದಿ ತಲೆಯೆತ್ತಿದರೆ ಎದುರಿಗೆ ನನ್ನದೇ ಸ್ಟ್ಯಾಂಡು, ಮೂಗು ಮೇಲೆ, ಹದಿನೈದು ಡಿಗ್ರಿ. ಓದಿದ್ದನ್ನು ಅಕ್ಕನಿಗೆ ಹೇಳಲಿಲ್ಲ, ಪೇಪರು ಮಡಚಿಟ್ಟೆ.

ಭಾವ 2016ರಲ್ಲಿ ಕೆಲಸ ಬಿಟ್ಟು ಬಂದು ಊರಲ್ಲೇ ನಿಂತರು. ಹಂಚಿನ ಮೇಲೆ ಮಳೆ ಬೀಳುವ ತಿಂಗಳುಗಳಲ್ಲಿ ವಿಮಾನಕ್ಕೆ ಬೂಸಲು ಹಿಡಿಯುತ್ತದೆ. ಹಳೆಯ ಪಂಚೆಯ ತುಂಡಿನಿಂದ ಅದನ್ನು ಒರೆಸುವುದು ಅವರದೇ ಕೆಲಸ, ಬೇರೆಯವರು ಮುಟ್ಟುವ ಹಾಗಿಲ್ಲ. ಮೊನ್ನೆ ಒರೆಸುತ್ತಾ, "ಕಮಾನಿನ ಬಣ್ಣ ಎದ್ದು ಹೋಗ್ತಾ ಉಂಟು. ಸುರತ್ಕಲ್ಲಿನಲ್ಲಿ ಈ ಕೆಂಪು ಸಿಗಬಹುದಾ ನೋಡು" ಎಂದರು. ಮೂರು ಅಂಗಡಿ ಸುತ್ತಿದೆ. ಸಿಕ್ಕಿದ ಕೆಂಪೆಲ್ಲ ಒಂದೋ ಹೆಚ್ಚು ಗಾಢ, ಇಲ್ಲವೆ ಕೇಸರಿ.